ಪದ ಪರಿಚಯ: ಲ್ಯಾನ್ಯಾಪ್

ಈ ತಿಂಗಳು ಅಂಗಡಿ ಇಟ್ಟವರಿಗೆಲ್ಲ ಹತ್ತಿರವಾದ ಒಂದು ಇಂಗ್ಲಿಷ್ ಪದ. ಎಲ್, ಎ, ಜಿ, ಎನ್, ಐ, ಎ, ಪಿ, ಪಿ, ಇ ಎಂದು ಬರೆಯುವುದು. ಹಾಗೇ ಓದಲು ಹೋದರೆ ನಾಲಿಗೆ ತೊಡರೀತು. ಹೇಳುವುದು ‘ಲ್ಯಾನ್ಯಾಪ್’ ಎಂದು. ಇದು ಅಮೆರಿಕದ ದಕ್ಷಿಣದಲ್ಲಿರುವ ನ್ಯೂ ಆರ್ಲಿಯನ್ಸ್ ಪಟ್ಟಣದ ಮಾತು. ಗಿರಾಕಿ ಕೊಂಡ ಸಾಮಾನಿನ ಮೇಲೆ ಅಂಗಡಿಯವನು ಸಂತೋಷದಿಂದ ಹಾಕಿಕೊಡುವ ಅಷ್ಟಿಷ್ಟಕ್ಕೆ ಲ್ಯಾನ್ಯಾಪ್ ಎನ್ನುತ್ತಾರೆ.

ಅಂದರೆ ನಮ್ಮ ಕೊಸರು! ಮಡಕಶಿರಾ, ರಾಯದುರ್ಗದ ಕಡೆ ಕನ್ನಡದವರಿಗೂ ತೆಲುಗಿನವರಿಗೂ ಇದೊಂದೇ ಮಾತು. ತರಕಾರಿಯ ಮೇಲೆ ಎರಡು ಕಡ್ಡಿ ಕರಿಬೇವು, ಕಡಲೆಕಾಯಿ ಅಳೆದ ಮೇಲೆ ಒಂದು ಹಿಡಿ, ಮೊಳ ಹೂವಿನ ಮೇಲೆ ನಾಲ್ಕು ಬೆರಳು, ಅಜ್ಜಿಯ ಸೆರಗು ಹಿಡಿದು ಬಂದ ಮಗುವಿನ ಕೈಗೆ ಬೆಲ್ಲದ ಚೂರು.

ಪದ ಬಂದ ದಾರಿ ದೊಡ್ಡದು. ದಕ್ಷಿಣ ಅಮೆರಿಕದ ಪೆರು ದೇಶದ ಬೆಟ್ಟಗಾಡಿನ ಕೆಚುವಾ ಭಾಷೆಯಲ್ಲಿ ‘ಯಪಾ’ ಎಂದರೆ ಮೇಲೆ ಸೇರಿಸಿದ್ದು. ಅಲ್ಲಿನ ಸಂತೆಗಳಲ್ಲಿ ಇಂದಿಗೂ ಹೆಂಗಸರು ಯಪಾ ಕೇಳಿ ಪಡೆಯುತ್ತಾರೆ. ಸ್ಪೇನಿನವರ ಬಾಯಲ್ಲಿ ಅದು ‘ಲಾ ನ್ಯಾಪಾ’ ಆಯಿತು. ನ್ಯೂ ಆರ್ಲಿಯನ್ಸಿನ ಫ್ರೆಂಚರು ಅದಕ್ಕೆ ತಮ್ಮ ಅಕ್ಷರ ತೊಡಿಸಿದರು. ಮಾರ್ಕ್ ಟ್ವೇನ್ 1883ರ ‘ಲೈಫ್ ಆನ್ ದ ಮಿಸಿಸಿಪ್ಪಿ’ ಪುಸ್ತಕದಲ್ಲಿ ಈ ಪದವನ್ನು ಬಹಳ ಮೆಚ್ಚಿಕೊಂಡಿದ್ದಾನೆ. ಅಲ್ಲಿ ಮಗುವಿಗೆ ಸಿಗುತ್ತಿದ್ದ ಕೊಸರು ಏನು ಗೊತ್ತೇ? ಜ್ಯೇಷ್ಠಮಧುವಿನ ಬೇರಿನ ತುಂಡು. ಕಿರಾಣಿಯವರ ಬುದ್ಧಿ ಎಲ್ಲ ಕಡೆಯೂ ಒಂದೇ ಎನಿಸುತ್ತದೆ.

ಇಂಗ್ಲೆಂಡಿನಲ್ಲಿ ‘ಬೇಕರ್ಸ್ ಡಜನ್’ ಎಂಬ ಮಾತಿದೆ. ಹೆಸರಿಗೆ ಡಜನ್, ಎಣಿಕೆ 13. ತೂಕ ಕಡಿಮೆ ಬಂದರೆ ಕಾನೂನಿನ ಶಿಕ್ಷೆ ಆಗುತ್ತದೆಂದು ರೊಟ್ಟಿ ಮಾಡುವವರು ಒಂದು ಹೆಚ್ಚಿಗೆ ಹಾಕುತ್ತಿದ್ದರು ಎಂದು ಅದಕ್ಕೆ ಕಾರಣ ಹೇಳುತ್ತಾರೆ. ಅದು ಭಯದ ಲೆಕ್ಕ, ಲ್ಯಾನ್ಯಾಪ್ ಪ್ರೀತಿಯದು. ‘ಒಂದು ಕೊಂಡರೆ ಒಂದು ಉಚಿತ’ ಎಂಬ ಬೋರ್ಡೂ ಲ್ಯಾನ್ಯಾಪ್ ಅಲ್ಲ. ಅದು ಮೊದಲೇ ಸಾರಿದ ವ್ಯಾಪಾರ. ಕ್ರಯ ಇಳಿಸಿದರೆ ಅದಕ್ಕೆ ಡಿಸ್ಕೌಂಟ್ ಎಂಬ ಬೇರೆ ಪದವೇ ಇದೆ.

ಇನ್ನೊಂದು ಬಗೆಯೂ ಉಂಟು. ತಕ್ಕಡಿಯಲ್ಲಿ ಐವತ್ತು ಗ್ರಾಂ ಹಿಡಿದು, ಗಿರಾಕಿಯ ಕಣ್ಣೆದುರಿಗೆ ಹತ್ತು ಗ್ರಾಂ ಮೇಲೆ ಹಾಕಿ ಉದಾರಿ ಎನಿಸಿಕೊಳ್ಳುವುದು. ಇಂಥ ತೂಕಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಹೀನಾಧಿಕಮಾನೋನ್ಮಾನ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದು. ತೂಕ ಪೂರ್ತಿಯಾದ ಮೇಲೆ ಬಿದ್ದದ್ದಕ್ಕೆ ಮಾತ್ರ ಕೊಸರು ಎನ್ನಬೇಕು. ಗಲ್ಲಾದ ಮೇಲೆ ಕೂರಲು ಕಲಿಯುತ್ತಿರುವ ಹುಡುಗರಿಗೆ ಇದನ್ನು ಪದದ ಅರ್ಥದ ಜೊತೆಗೇ ಹೇಳಿಕೊಡಿ.

ಈಗ ಸಾಮಾನೆಲ್ಲ ಪೊಟ್ಟಣದಲ್ಲಿ ಬರುವುದರಿಂದ ಅಂಗಡಿಯ ಕೊಸರು ಕಡಿಮೆಯಾಗಿದೆ. ಪದ ಮಾತ್ರ ಅಂಗಡಿಯಿಂದ ಆಚೆಗೂ ಹೋಗಿದೆ. ನಿರೀಕ್ಷಿಸದೆ ದೊರೆತ ಯಾವ ಹೆಚ್ಚುವರಿ ಲಾಭಕ್ಕೂ ಅದನ್ನು ಬಳಸುತ್ತಾರೆ. ಮಕ್ಕಳಿಗೆ ಒಂದು ವಾಕ್ಯ: ‘ದ ಗ್ರೋಸರ್ ಗೇವ್ ಮಿ ಟೂ ಲೆಮನ್ಸ್ ಆ್ಯಸ್ ಲ್ಯಾನ್ಯಾಪ್.’ ಓದುವಾಗ ಜಿ ಅಕ್ಷರ ಕೇಳಿಸಬಾರದು, ಬರೆಯುವಾಗ ಬಿಡಬಾರದು.