ಯಜಮಾನ್ರನ್ನ ಕಳ್ಸಿ, ಮೇಡಂ

"ಇದೆಲ್ಲ ನಿಮಗೆ ಗೊತ್ತಾಗಲ್ಲ ಮೇಡಂ, ಯಜಮಾನ್ರನ್ನ ಕಳ್ಸಿ." ಗ್ಯಾರೇಜಿನವನು ಹೀಗೆಂದಾಗ ನನ್ನ 1998ರ ಮಾರುತಿ 800 ಅವನ ಮುಂದೆ ಹಬೆಯಾಡುತ್ತ ನಿಂತಿತ್ತು. ಅದನ್ನು ಓಡಿಸುವವಳು ನಾನು. ನಮ್ಮ ಯಜಮಾನರಿಗೆ ಬಾನೆಟ್ ತೆರೆಯುವುದೂ ಬಾರದು. ಆದರೂ ಸಂಜೆ ತೀರ್ಪು ಹೊರಬಿದ್ದದ್ದು ಅವರೆದುರಿಗೇ: ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, 12,000 ರೂಪಾಯಿ. ಇವರು ತಲೆಯಾಡಿಸಿದರು. ನಾನು ಆಡಿಸಲಿಲ್ಲ. ರೇಡಿಯೇಟರಿಗೆ ನೀರು ತುಂಬಿಸಿ ಕಾರನ್ನು ಮನೆಗೆ ತಂದೆ.

ಗ್ಯಾಸ್ಕೆಟ್ ಎಂಬ ಪದ ನಮಗೆ ಹೊಸದೇ? ಕುಕ್ಕರಿನ ಮುಚ್ಚಳ ಒತ್ತಡ ಹಿಡಿದಿಟ್ಟರೆ ನೀರು 100 ಡಿಗ್ರಿ ದಾಟಿ ಕಾಯುತ್ತದೆ. ಹಬೆ ಸೋರಿದರೆ ಬೇಳೆ ಬೇಯುವುದಿಲ್ಲ. ರೇಡಿಯೇಟರಿನ ಮುಚ್ಚಳದ ಕೆಲಸವೂ ಒತ್ತಡ ಹಿಡಿಯುವುದೇ. ಬಿಸಿಯಿದ್ದಾಗ ತೆರೆದರೆ ಮುಖ ಸುಡುವುದೂ ಎರಡರಲ್ಲೂ ಒಂದೇ.

ರಾತ್ರಿ ಕಾರಿನಡಿ ಹಳೆಯ ಪತ್ರಿಕೆಗಳನ್ನು ಹಾಸಿದೆ. ಬೆಳಿಗ್ಗೆ ರೇಡಿಯೇಟರಿನ ಕೆಳಗೆ ತಿಳಿಹಸಿರು ಹನಿಗಳಿದ್ದವು. ಆಯಿಲ್ ಕಡ್ಡಿ ಎಳೆದು ನೋಡಿದೆ: ಆಯಿಲ್ಲಿಗೆ ನೀರು ಸೇರಿದ್ದರೆ ಹಾಲು ಬೆರೆಸಿದ ಕಾಫಿಯ ಬಣ್ಣ ಬರುತ್ತದೆ, ಬಂದಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆಯಿಲ್ಲ. ಮತ್ತೆ ತಣ್ಣಗಾದ ಮೇಲೆ ಮೇಲಿನ ರಬ್ಬರ್ ಪೈಪನ್ನು ಹಿಂಡಿದೆ. ಕ್ಲಿಪ್ಪಿನ ಬಳಿ ಒಣಗಿದ ಹಸಿರು ಕಲೆ, ಅದರಡಿ ಉಗುರಿನಷ್ಟು ಸೀಳು! ತೀರ್ಪಿಗೆ ಸಾಕ್ಷಿಯೇ ಇರಲಿಲ್ಲ.

ಹೊಸ ಪೈಪು, ಎರಡು ಕ್ಲಿಪ್ಪು, ಕೂಲಂಟ್, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್: ಎಲ್ಲ ಸೇರಿ 900 ರೂಪಾಯಿಯೂ ಆಗಲಿಲ್ಲ. ಸ್ಕ್ರೂಡ್ರೈವರಿನಿಂದ ಬಿಗಿದೆ. ಕೂಲಂಟಿಗೆ ಸಮಪಾಲು ನೀರು ಬೆರೆಸಿ ತುಂಬಿ, ಮುಚ್ಚಳ ತೆರೆದಿಟ್ಟೇ ಎಂಜಿನ್ ಚಾಲೂ ಮಾಡಿ ಗಾಳಿಗುಳ್ಳೆ ಹೊರಹೋಗಲು ಬಿಟ್ಟೆ. ಚೆಲ್ಲಿದ್ದನ್ನು ತಪ್ಪದೆ ಒರೆಸಿದೆ. ಅದು ಸಿಹಿ ವಿಷ, ನಾಯಿಗಳು ನೆಕ್ಕುತ್ತವೆ. ಮರುದಿನದ ಪತ್ರಿಕೆ ಒಣಗಿಯೇ ಇತ್ತು.

ಮೆಕ್ಯಾನಿಕರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಹೆಡ್ ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಅವರ ಕೈಯೇ ಬೇಕು. ನನ್ನ ಜಗಳ ನಮ್ಮೊಂದಿಗೇ. ಕುಕ್ಕರಿನ ಸೀಟಿ ಕೂಗದಿದ್ದರೆ ಏಕೆಂದು ಮಗಳಿಗೆ ಕಲಿಸುವ ನಾವು, ಬಾನೆಟ್ ತೆರೆದೊಡನೆ "ನೀನು ಒಳಗೆ ಹೋಗು, ಕೈಯೆಲ್ಲ ಮಸಿಯಾಗುತ್ತೆ" ಎನ್ನುತ್ತೇವೆ. ಒಲೆಯ ಮಸಿಗೆ ಮಾತ್ರ ಈ ಮಡಿಯಿಲ್ಲ! ನಾವು ನೋಡದೆ ಬಿಟ್ಟಲ್ಲಿಯೇ ಇನ್ನೊಬ್ಬರ ತೀರ್ಪು ನಡೆಯುವುದು.

ನಾಳೆ ಬೆಳಿಗ್ಗೆ ರಂಗೋಲಿ ಹಾಕುವಾಗ ನಿಮ್ಮ ಕಾರಿನಡಿಯನ್ನೂ ಒಮ್ಮೆ ಬಗ್ಗಿ ನೋಡಿ. ಮಗಳನ್ನೂ ಕರೆಯಿರಿ.