ಮೋಟರಿಗಿಂತ ಮೊದಲು ಬೋರ್ ನೋಡಬೇಕು



ರಾಯದುರ್ಗ, ಮಡಕಶಿರ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೇ ತರಗತಿ ಮುಗಿಸಿ ಐ.ಟಿ.ಐ., ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಅಂತ ಮುಂದೆ ಹೋದ ಹುಡುಗರಲ್ಲಿ (ಈಗೀಗ ಹುಡುಗಿಯರಲ್ಲೂ!) ಒಂದು ಹೊಸ ಹುಚ್ಚು ಕಾಣುತ್ತಿದೆ. ತಾವೇ ಒಂದು ಕಾರು ಕಟ್ಟಬೇಕಂತೆ. ರಸ್ತೆಗಲ್ಲ, ರೇಸ್ ಟ್ರ್ಯಾಕಿನಲ್ಲಿ ಓಡಿಸುವುದಕ್ಕೆ. ಮೊಬೈಲಿನಲ್ಲಿ ವೀಡಿಯೊ ನೋಡಿ ಹತ್ತಿದ ಆಸೆ ಇರಬಹುದು. ಆದರೆ ಕೆಟ್ಟ ಆಸೆ ಅಂತ ನಾವು ಹೇಳುವುದಿಲ್ಲ. ಕಬ್ಬಿಣ ಕೊಯ್ದು, ವೆಲ್ಡಿಂಗ್ ಮಾಡಿ, ಲೆಕ್ಕ ಹಾಕಿ ಕಲಿಯುವ ವಿದ್ಯೆ ಯಾವ ಟ್ಯೂಷನ್ನಿನಲ್ಲೂ ಸಿಗುವುದಿಲ್ಲ.

ಅವರೆಲ್ಲರ ಮೊದಲ ಪ್ರಶ್ನೆ ಒಂದೇ: "ಸಾರ್, ಯಾವ ಎಂಜಿನ್ ಹಾಕೋದು?" ಉತ್ತರವನ್ನೂ ಅವರೇ ತಂದಿರುತ್ತಾರೆ. ಒಬ್ಬನಿಗೆ ಕೆ.ಟಿ.ಎಂ. ಬೈಕಿನದು ಬೇಕು, ಇನ್ನೊಬ್ಬನಿಗೆ ಸುಜುಕಿ ಹಯಾಬುಸಾದ್ದೇ ಬೇಕು! ನಮ್ಮ ಅಭಿಪ್ರಾಯ ಬೇರೆ. ಮನೆಯಲ್ಲಿ ಕಟ್ಟುವ ಮೊದಲ ಕಾರಿಗೆ ನಮ್ಮ ಕಡೆ ಸರಿಯಾದದ್ದು ಹಳೆಯ ಮಾರುತಿ ಓಮ್ನಿ ವ್ಯಾನಿನ ಎಂಜಿನ್. ನಗಬೇಡಿ, ಕಾರಣ ಕೇಳಿ.

ನಮ್ಮದು ಮಳೆ ಕಮ್ಮಿಯ ಸೀಮೆ. ಇಲ್ಲಿನ ಎಲ್ಲ ರೈತರಿಗೂ ಎಚ್.ಪಿ. ಅಂದರೆ ಏನೆಂದು ಗೊತ್ತು. ಬೋರ್ ಕೊರೆಸಿದವನು ಮೊದಲು ಅಂಗಡಿಗೆ ಹೋಗಿ ಇರುವುದರಲ್ಲೇ ದೊಡ್ಡ ಮೋಟರ್ ಕೊಡಿ ಅನ್ನುತ್ತಾನೆಯೇ? ಬೋರ್ ಎಷ್ಟು ಅಡಿ, ನೀರು ಎಷ್ಟು ಇಂಚು, ಪೈಪ್ ಯಾವ ಅಳತೆ, ಕರೆಂಟ್ ಹೇಗೆ ಬರುತ್ತದೆ ಅಂತ ನೋಡಿ ಆಮೇಲೆ ಎಚ್.ಪಿ. ಲೆಕ್ಕ. ಒಂದೂವರೆ ಇಂಚು ನೀರಿನ ಬೋರಿಗೆ ಹದಿನೈದು ಎಚ್.ಪಿ. ಮೋಟರ್ ಇಳಿಸಿದರೆ ಸುಡುವುದು ಮೋಟರ್, ಹೋಗುವುದು ಸಾಲದ ದುಡ್ಡು. ಅಪ್ಪನಿಗೆ ಗೊತ್ತಿರುವ ಈ ಬುದ್ಧಿಯನ್ನು ಮಗ ಕಾರಿನ ವಿಷಯಕ್ಕೆ ಬಂದಾಗ ಯಾಕೆ ಮರೆಯಬೇಕು?

ಇದು ನಾವು ಕಂಡುಹಿಡಿದ ಸತ್ಯವೇನಲ್ಲ. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ತಂದರು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳುವ ಕಾರು ಅದು. ಮೊದಮೊದಲು ಅದಕ್ಕೆ ಹಾಕಿದ 1172 ಸಿ.ಸಿ. ಫೋರ್ಡ್ ಎಂಜಿನ್ನಿನ ಶಕ್ತಿ ಸುಮಾರು 40 ಎಚ್.ಪಿ. ಮಾತ್ರ. ಕಾರು ಹಗುರ, ಅದೇ ಅದರ ಗುಟ್ಟು. 1973ರಿಂದ ಅದೇ ಕಾರನ್ನು ಕೇಟರ್‌ಹ್ಯಾಮ್ ಕಂಪನಿ ತಯಾರಿಸುತ್ತಿದೆ. ಆ ಕಂಪನಿ 2013ರಲ್ಲಿ ಸೆವೆನ್ 160 ಎಂಬ ಮಾದರಿ ತಂದಾಗ ಆರಿಸಿದ್ದು ಸುಜುಕಿಯ 660 ಸಿ.ಸಿ. ಮೂರು ಸಿಲಿಂಡರಿನ ಟರ್ಬೊ ಎಂಜಿನ್. ಗೇರ್ ಬಾಕ್ಸು, ಹಿಂದಿನ ಆಕ್ಸಲ್ ಕೂಡ ಸುಜುಕಿಯವೇ. ಕಾರಿನ ತೂಕ ಸುಮಾರು 490 ಕೆ.ಜಿ. ನಮ್ಮ ಓಮ್ನಿಯ ಎಂಜಿನ್ನಿಗೂ ಸುಜುಕಿಯೇ ತವರುಮನೆ ಅನ್ನುವುದು ನೆನಪಿರಲಿ.

ಅಷ್ಟು ದೂರ ಯಾಕೆ, ಕೊಯಮತ್ತೂರಿಗೇ ಬನ್ನಿ. ಅಲ್ಲಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಗೆ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. ವಿದೇಶದಿಂದ ಎಂಜಿನ್ ತರಿಸುವುದು ಅವರಿಗೆ ಕಷ್ಟವಿರಲಿಲ್ಲ, ಸಿರಿವಂತ ಮನೆತನದವರು. ಆದರೂ ಹಾಕಿದ್ದು ಊರೂರಿನ ಗ್ಯಾರೇಜಿನಲ್ಲಿ ರಿಪೇರಿಯಾಗುವ ಮಾರುತಿ 800ರ 796 ಸಿ.ಸಿ. ಎಂಜಿನ್, ಸುಮಾರು 37 ಎಚ್.ಪಿ. ಎಂಜಿನ್ ಅಗ್ಗವಾದ್ದರಿಂದಲೇ ಸಾಮಾನ್ಯರೂ ರೇಸಿಗೆ ಇಳಿಯುವಂತಾಯಿತು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಶುರುವಾದ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಅವರ ಹೆಸರಿನದೇ. ಫಾರ್ಮುಲಾ ಮಾರುತಿಯಲ್ಲಿ ಮೊದಲ ರೇಸ್ ಓಡಿಸಿದ ನರೇನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು. 37 ಎಚ್.ಪಿ.ಯಲ್ಲಿ ಕಲಿತವರು ಅಲ್ಲಿಗೆ ಮುಟ್ಟಬಹುದಾದರೆ ನಮ್ಮ ಹುಡುಗರಿಗೆ ಸಾಲದೇ?

ಈಗ ಒಂದೊಂದಾಗಿ ಎಂಜಿನ್‌ಗಳನ್ನು ನೋಡೋಣ.

ಮೊದಲು ಬೈಕಿನದು. ಹಳೆಯ ಕೆ.ಟಿ.ಎಂ. 390 ಡ್ಯೂಕ್‌ನ 373 ಸಿ.ಸಿ. ಎಂಜಿನ್ 43 ಎಚ್.ಪಿ. ಕೊಡುತ್ತದೆ. ಗೇರ್ ಬಾಕ್ಸು, ಕ್ಲಚ್ಚು ಎಲ್ಲ ಒಂದೇ ಗೂಡಿನಲ್ಲಿ, ತೂಕವೂ ಕಮ್ಮಿ. ಎಂಜಿನಿಯರಿಂಗ್ ಕಾಲೇಜುಗಳ ಫಾರ್ಮುಲಾ ಭಾರತ್ ಸ್ಪರ್ಧೆಯಲ್ಲಿ ಎಂಜಿನ್ 710 ಸಿ.ಸಿ. ಮೀರಬಾರದು, ಪೆಟ್ರೋಲ್ ಎಂಜಿನ್ ಗಾಳಿ ಎಳೆಯುವ ದಾರಿ 20 ಮಿಲಿಮೀಟರಿಗಿಂತ ಅಗಲ ಇರಬಾರದು ಎಂಬ ನಿಯಮವಿದೆ. ಅಲ್ಲಿಗೆ ಬೈಕ್ ಎಂಜಿನ್ನೇ ಸರಿ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಇಂತಹ ವಿದ್ಯಾರ್ಥಿ ಸ್ಪರ್ಧೆಗಳಿಗೆ ಕಾರು ಕಟ್ಟುತ್ತಿದೆ. ಆದರೆ ಅವರ ಹಿಂದೆ ಒಂದು ಕಾಲೇಜಿದೆ, ವರ್ಕ್‌ಶಾಪ್ ಇದೆ, ಮೇಷ್ಟ್ರುಗಳಿದ್ದಾರೆ. ಮನೆಯ ಅಂಗಳದಲ್ಲಿ ಕಟ್ಟುವವನಿಗೆ ಅವೆಲ್ಲ ಎಲ್ಲಿಂದ ಬರಬೇಕು?

ಬೈಕ್ ಎಂಜಿನ್ನಿನ ದೊಡ್ಡ ತೊಂದರೆ ಆಯಿಲ್. ಎತ್ತಿನ ಗಾಡಿಯಲ್ಲಿ ಕೊಡ ಇಟ್ಟುಕೊಂಡು ಜೋರಾಗಿ ತಿರುವು ತೆಗೆದುಕೊಂಡರೆ ನೀರು ಒಂದು ಪಕ್ಕಕ್ಕೆ ಏರುತ್ತದಲ್ಲವೇ? ಬೈಕು ತಿರುವಿನಲ್ಲಿ ತಾನೇ ವಾಲುತ್ತದೆ, ಹಾಗಾಗಿ ಆಯಿಲ್ ಚೇಂಬರಿನ ತಳದಲ್ಲೇ ಉಳಿಯುತ್ತದೆ. ಕಾರು ಹಾಗೆ ವಾಲುವುದಿಲ್ಲ. ತಿರುವಿನಲ್ಲಿ ಅಡ್ಡ ವೇಗೋತ್ಕರ್ಷ ಗುರುತ್ವದಷ್ಟೇ ಆದರೆ ಆಯಿಲ್ಲಿನ ಮಟ್ಟ 45 ಡಿಗ್ರಿ ಓರೆಯಾಗುತ್ತದೆ. ಪಂಪಿನ ಬಾಯಿಗೆ ಆಯಿಲ್ ಬದಲು ಗಾಳಿ ಸಿಗುತ್ತದೆ, ಕೆಲವೇ ಕ್ಷಣಗಳಲ್ಲಿ ಬೇರಿಂಗ್ ಹೋಗುತ್ತದೆ. ಚೇಂಬರಿನೊಳಗೆ ತಡೆಹಲಗೆ ಹಾಕಿಸಬೇಕು, ಇಲ್ಲವೇ ಆಯಿಲ್ಲಿಗೆ ಬೇರೆ ಟ್ಯಾಂಕ್ ಇಡಬೇಕು. (ಕಾರಿನ ಎಂಜಿನ್ನಿಗೂ ಟ್ರ್ಯಾಕಿನಲ್ಲಿ ತಡೆಹಲಗೆ ಬೇಕು, ಆದರೆ ಅದರ ಚೇಂಬರನ್ನು ವಾಲದ ಗಾಡಿಗೆಂದೇ ಮಾಡಿರುತ್ತಾರೆ.) ಇದರ ಜೊತೆಗೆ ರಿವರ್ಸ್ ಗೇರ್ ಇಲ್ಲ, ಇನ್ನೂರು ಕೆ.ಜಿ.ಯೂ ಇಲ್ಲದ ಬೈಕಿನ ಕ್ಲಚ್ಚು ನಾನೂರು ಕೆ.ಜಿ. ಎಳೆಯಬೇಕು, ಬೈಕಿನ ಪುಟ್ಟ ರೇಡಿಯೇಟರ್ ನಮ್ಮ ಬೇಸಿಗೆಯಲ್ಲಿ ತಣಿಸಬೇಕು!

ಎರಡನೆಯದು ಮಾರುತಿ 800 ಕಾರಿನದು. ಎಂಜಿನ್ ಒಳ್ಳೆಯದೇ. ಆದರೆ ಅದು ಬಾನೆಟ್ಟಿನೊಳಗೆ ಅಡ್ಡಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಫಾರ್ಮುಲಾ ಮಾರುತಿಯಲ್ಲಿ ಇದ್ದಂತೆ ಚಾಲಕನ ಬೆನ್ನ ಹಿಂದೆ ಕೂರಿಸುವುದಾದರೆ ಸರಿ. ಆಗ ಗೇರ್ ಲಿವರ್, ಹಿಂದಿನ ಸಸ್ಪೆನ್ಷನ್ ಎಲ್ಲವನ್ನೂ ಹೊಸದಾಗಿ ಮಾಡಬೇಕಾಗುತ್ತದೆ.

ಮೂರನೆಯದೇ ಓಮ್ನಿಯದು. ಅದೇ 796 ಸಿ.ಸಿ., ಸುಮಾರು 35 ಎಚ್.ಪಿ. ಆದರೆ ಉದ್ದುದ್ದ ಕೂರುತ್ತದೆ, ಹಿಂದೆ ಗೇರ್ ಬಾಕ್ಸು, ಅದರ ಹಿಂದೆ ಪ್ರೊಪೆಲ್ಲರ್ ಶಾಫ್ಟು, ಕೊನೆಗೆ ಡಿಫರೆನ್ಷಿಯಲ್ ಸಮೇತ ಆಕ್ಸಲ್. ಲೋಟಸ್ ಸೆವೆನ್ ಮಾದರಿಯ ಚಾಸಿಗೆ ಬೇಕಾದ್ದೆಲ್ಲ ಒಂದೇ ಹಳೆಯ ವ್ಯಾನಿನಿಂದ ಬರುತ್ತದೆ. ಶಾಫ್ಟನ್ನು ಲೇತಿನಲ್ಲಿ ಅಳತೆಗೆ ತಕ್ಕಂತೆ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದರಾಯಿತು. ಓಮ್ನಿ ತಯಾರಿಕೆ ನಿಂತದ್ದು 2019ರಲ್ಲಿ. ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ, ಬಳ್ಳಾರಿ, ಹಿಂದೂಪುರದ ಮೆಕ್ಯಾನಿಕ್ಕುಗಳಿಗೆ ಈ ಎಂಜಿನ್ ಇಳಿಸಿ ಏರಿಸುವುದು ಅಂಗೈ ಗೆರೆಯಷ್ಟು ಪರಿಚಯ.

ನಾಲ್ಕನೆಯದು ಜಿಪ್ಸಿಯ 1298 ಸಿ.ಸಿ. ಎಂಜಿನ್, 80 ಎಚ್.ಪಿ. ಇದೂ ಉದ್ದುದ್ದ ಕೂರುವಂಥದ್ದೇ. ಓಮ್ನಿಯಲ್ಲಿ ಕೈ ಪಳಗಿದ ಮೇಲೆ ಇದಕ್ಕೆ ಬರಬಹುದು. ಚಾಸಿ ಕಟ್ಟುವಾಗಲೇ ಇದಕ್ಕೂ ಜಾಗ ಬಿಟ್ಟಿರಿ ಅಂತ ನಮ್ಮ ಸಲಹೆ.

"35 ಎಚ್.ಪಿ.ಯಲ್ಲಿ ಏನು ಮಜಾ ಸಾರ್?" ಅನ್ನುವವರಿಗೆ ಒಂದು ಲೆಕ್ಕ. ಓಮ್ನಿ ವ್ಯಾನಿನ ತೂಕ 785 ಕೆ.ಜಿ., ಚಾಲಕ 70 ಕೆ.ಜಿ., ಒಟ್ಟು 855. ಅಂದರೆ ಟನ್ನಿಗೆ 41 ಎಚ್.ಪಿ. ಅದೇ ಎಂಜಿನ್ನನ್ನು 450 ಕೆ.ಜಿ. ಕಾರಿಗೆ ಹಾಕಿ. ಚಾಲಕನೂ ಸೇರಿ 520, ಟನ್ನಿಗೆ 67 ಎಚ್.ಪಿ. ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಒಂದೂವರೆ ಪಟ್ಟಿಗಿಂತ ಹೆಚ್ಚು! ಹಗುರ ಮಾಡುವುದಕ್ಕೆ ಬೇಕಾದ್ದು ತಕ್ಕಡಿ ಮತ್ತು ತಾಳ್ಮೆ.

ಇನ್ನೊಂದು ಲೆಕ್ಕ ಪ್ರಾಣದ್ದು. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ನಾವೇ ಬೋರ್ಡಿನ ಮೇಲೆ ಬರೆದು ಕಲಿಸುತ್ತೇವೆ. 60 ಕಿ.ಮೀ. ವೇಗ 90 ಆದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು, 120 ಆದರೆ ನಾಲ್ಕು ಪಟ್ಟು. ದೊಡ್ಡ ಎಂಜಿನ್ ಕೊಂಡವನು ದೊಡ್ಡ ಬ್ರೇಕು, ಗಟ್ಟಿ ಆಕ್ಸಲ್, ಒಳ್ಳೆಯ ಟೈರು, ತಲೆಯ ಮೇಲೆ ಉಕ್ಕಿನ ಕಮಾನು ಎಲ್ಲವನ್ನೂ ಕೊಳ್ಳಬೇಕು. ದುಡ್ಡೆಲ್ಲ ಎಂಜಿನ್ನಿಗೇ ಸುರಿದವನು ಉಳಿದದ್ದರಲ್ಲಿ ಕೈ ಬಿಗಿ ಹಿಡಿಯುತ್ತಾನೆ. ಅಪಾಯ ಇರುವುದು ಅಲ್ಲೇ. ಬೆಲ್ಟು, ಹೆಲ್ಮೆಟ್ಟು, ಬೆಂಕಿ ಆರಿಸುವ ಸಿಲಿಂಡರು ಇವುಗಳ ದುಡ್ಡು ಪಕ್ಕಕ್ಕೆ ಎತ್ತಿಟ್ಟು, ಮಿಕ್ಕಿದ್ದರಲ್ಲಿ ಎಂಜಿನ್ ಕೊಳ್ಳಿ.

ಕೊಳ್ಳುವಾಗಲೂ ಎಚ್ಚರ ಬೇಕು. ಮಡಕಶಿರದ ಪಕ್ಕದ ಪೆನುಕೊಂಡದಲ್ಲಿ ಕಿಯಾ ಕಾರ್ಖಾನೆ ಇದೆಯಲ್ಲ, ಅಲ್ಲಿಂದ ಸುಮಾರು 900 ಎಂಜಿನ್‌ಗಳು ಕಳುವಾದ ಪ್ರಕರಣ 2025ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂತು. ಅಗ್ಗಕ್ಕೆ ಸಿಕ್ಕಿತು ಅಂತ ಗುಜರಿಯಿಂದ ಚೀಟಿ ಇಲ್ಲದ ಎಂಜಿನ್ ತಂದರೆ ನಾಳೆ ಮನೆ ಬಾಗಿಲಿಗೆ ಪೊಲೀಸರು ಬರಬಹುದು. ಬಿಲ್ಲು, ಎಂಜಿನ್ ನಂಬರು, ಹಳೆಯ ಗಾಡಿಯ ಆರ್.ಸಿ. ರದ್ದಾದ ಕಾಗದ ಇವು ಕೈಗೆ ಬರದೆ ದುಡ್ಡು ಕೊಡಬೇಡಿ. ಕಂಪ್ರೆಷನ್ ಗೇಜ್ ಇಟ್ಟು ಮೂರೂ ಸಿಲಿಂಡರ್ ನೋಡಿಸಿ. ಮೂರರಲ್ಲಿ ಒಂದು ತೀರ ಕಮ್ಮಿ ತೋರಿಸಿದರೆ ಬಿಟ್ಟು ಬನ್ನಿ. ಇನ್ನೊಂದು ಮಾತು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. ಹಳೆಯ ಕಾರ್ಬುರೇಟರ್ ಎಂಜಿನ್ನಿನ ರಬ್ಬರ್ ಪೈಪು, ವಾಷರುಗಳು ಅದಕ್ಕೆ ಊದಿ ಬಿರಿಯಬಹುದು. ಪೆಟ್ರೋಲ್ ಸೋರಿದರೆ ಬೆಂಕಿ. ಅವನ್ನೆಲ್ಲ ಮೊದಲೇ ಬದಲಾಯಿಸಿ.

ಕಾರು ಸಿದ್ಧವಾಯಿತು ಅಂತ ಒಂದು ರೌಂಡ್ ನೋಡೋಣ ಎಂದು ಬಳ್ಳಾರಿ ರಸ್ತೆಗೋ ಹಿಂದೂಪುರ ರಸ್ತೆಗೋ ಇಳಿಸಬೇಡಿ. ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದಕ್ಕೆ 1988ರ ಮೋಟರು ವಾಹನ ಕಾಯ್ದೆಯಲ್ಲಿ ಅವಕಾಶವಿಲ್ಲ. ಅಲ್ಲಿ ಸೈಕಲ್ಲಿನಲ್ಲಿ ಬರುವುದು ನಮ್ಮ ಶಾಲೆಯದೇ ಮಗು. ಕೊಯಮತ್ತೂರು, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕುಗಳಿವೆ. ಒಂದು ಕಬ್ಬಿಣದ ಪೈಪು ಕೊಯ್ಯುವ ಮೊದಲೇ ಅವರನ್ನು ಕೇಳಿ, ಮನೆಯಲ್ಲಿ ಕಟ್ಟಿದ ಕಾರನ್ನು ಬಿಡುತ್ತೀರಾ, ಏನೇನು ಸುರಕ್ಷತೆ ಬೇಕು ಅಂತ. ಆ ಪಟ್ಟಿಯಿಂದಲೇ ನಕ್ಷೆ ಶುರುವಾಗಲಿ.

"ಜೀವನದಲ್ಲಿ ಒಂದೇ ಸಲ ಕಟ್ಟುವುದು, ದೊಡ್ಡದಾಗಿಯೇ ಕಟ್ಟೋಣ" ಎಂಬ ವಾದವೂ ಇದೆ. ಅದನ್ನು ನಾವು ತಳ್ಳಿಹಾಕುವುದಿಲ್ಲ, ಹರೆಯದ ಮಾತು ಅದು. ಆದರೆ ಅರ್ಧಕ್ಕೆ ನಿಂತ ದೊಡ್ಡ ಕಾರಿಗಿಂತ ಟ್ರ್ಯಾಕಿನಲ್ಲಿ ಹತ್ತು ಸುತ್ತು ಹಾಕಿ ಮನೆಗೆ ಬಂದ ಚಿಕ್ಕ ಕಾರು ಹೆಚ್ಚು ಕಲಿಸುತ್ತದೆ. ಕಡಲೆಕಾಯಿ ಬೆಳೆದ ದುಡ್ಡು, ಜೀನ್ಸ್ ಹೊಲಿದ ದುಡ್ಡು ಹಾಳಾದರೆ ತಡೆದುಕೊಳ್ಳುವ ಮನೆಗಳು ನಮ್ಮ ಕಡೆ ಎಷ್ಟಿವೆ?

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಮೇಲಿನ ಲೆಕ್ಕಗಳಲ್ಲಿ ಕನ್ನಡ ಮಾಧ್ಯಮದ ಹತ್ತನೇ ತರಗತಿಯ ಹುಡುಗನಿಗೆ ಅರ್ಥವಾಗದ್ದು ಯಾವುದಿದೆ? ಅನುಪಾತ, ವರ್ಗ, ಸರಾಸರಿ, ಗುರುತ್ವ ಎಲ್ಲ ನಮ್ಮ ಪಾಠದವೇ. ಎಂಜಿನ್ ವಿಷಯ ಇಂಗ್ಲಿಷ್ ಬಂದವರದು ಎಂದು ಹಿಂಜರಿಯುವ ಮಕ್ಕಳಿಗೆ ಒಂದು ಪೀರಿಯಡ್ ಈ ಲೆಕ್ಕ ಕೊಟ್ಟು ನೋಡಿ. ನಾಲ್ಕು ಎಂಜಿನ್, ಅವುಗಳ ಎಚ್.ಪಿ., ತೂಕ, ಬೆಲೆ ಬರೆಸಿ "ನೀನಾದರೆ ಯಾವುದು ತೆಗೆದುಕೊಳ್ಳುತ್ತೀಯ, ಯಾಕೆ?" ಅಂತ ಕೇಳಿ. ಕೊನೆಯ ಬೆಂಚಿನಿಂದ ಎಂಥ ಉತ್ತರ ಬರುತ್ತದೋ ನೀವೇ ನೋಡುತ್ತೀರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೈ ಪಳಗಿದಂತೆ ಹಾಸಿಗೆಯೂ ಉದ್ದವಾಗುತ್ತದೆ. ಓಮ್ನಿ ಬೇಡ, ಬೇರೆಯದೇ ಸರಿ ಅನ್ನುವವರು ಕಾರಣ ಸಮೇತ ಬರೆಯಿರಿ, ಚರ್ಚೆ ಮಾಡೋಣ. ನೀವೇನಂತೀರಿ?