ಉಪಕಾರದಲ್ಲಿ ವಿವೇಕ

ಹೆದ್ದಾರಿಯಲ್ಲಿ ಮೋಟಾರು ಗಾಡಿಯೊಂದು ಮರಕ್ಕೋ ಲಾರಿಗೋ ಬಡಿದಾಗ ಸಮೀಪದ ಹಳ್ಳಿಗರೂ ದಾರಿಹೋಕರೂ ಸಹಾಯಕ್ಕೆ ಧಾವಿಸುವುದುಂಟು. ಜಾತಿಮತಗಳನ್ನು ವಿಚಾರಿಸದೆ ಅಪರಿಚಿತನಿಗಾಗಿ ಕೈನೀಡುವ ಈ ಗುಣವು ನಮ್ಮ ಜನತೆಗೆ ಭೂಷಣವೇ ಸರಿ. ಆದರೆ ಆಸನದಲ್ಲಿ ಕುಳಿತಂತೆಯೇ ಇರುವ ಗಾಯಾಳುವನ್ನು ಒಬ್ಬನು ರಟ್ಟೆ ಹಿಡಿದು, ಮತ್ತೊಬ್ಬನು ಕಾಲು ಹಿಡಿದು ಹೊರಕ್ಕೆ ಸೆಳೆದು, ಸಿಕ್ಕಿದ ಆಟೋದಲ್ಲಿ ಮುದುರಿ ಹಾಕಿ ಸಾಗಿಸುವ ರೂಢಿಯು ಉಪಕಾರವಾಗುವ ಬದಲು ಅಪಕಾರವಾಗಿ ಪರಿಣಮಿಸಬಹುದೆಂಬುದನ್ನು ನಾವು ವಾಚಕರ ಮುಂದಿಡಬಯಸುತ್ತೇವೆ.

ಕುತ್ತಿಗೆಯ ಏಳು ಮಣಿಮೂಳೆಗಳ ನಡುವೆ ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿಯು ಇಳಿದುಹೋಗುತ್ತದೆ. ಮೂಳೆ ಮುರಿದಾಗಲೂ ಹುರಿಯು ಅಕ್ಷತವಾಗಿ ಉಳಿದಿರಬಹುದು. ಅಂಥ ಸಮಯದಲ್ಲಿ ತಲೆಯು ಒಮ್ಮೆ ಜೋಲಿತೆಂದರೆ ಮುರಿದ ಮೂಳೆಯೇ ಹುರಿಯನ್ನು ಒತ್ತಬಹುದು, ಕೈಕಾಲುಗಳ ಸ್ವಾಧೀನ ತಪ್ಪಬಹುದು. ಪೆಟ್ಟು ಕುತ್ತಿಗೆಯ ಮೇಲ್ಭಾಗದಲ್ಲಾದರೆ ಉಸಿರೇ ನಿಲ್ಲಬಹುದು. ತುಂಡಾದ ಹುರಿಯನ್ನು ಮತ್ತೆ ಬೆಸೆಯುವ ಚಿಕಿತ್ಸೆಯು ಇಂದಿನ ವೈದ್ಯಶಾಸ್ತ್ರಕ್ಕೂ ಸಾಧ್ಯವಾಗಿಲ್ಲ.

ಹಾಗಾದರೆ ಸಾಮಾನ್ಯನ ಕರ್ತವ್ಯವೇನು? 108ಕ್ಕೆ ಕರೆ ಕಳುಹಿಸುವುದು. ಗಾಯಾಳುವಿಗೆ ತಲೆಯಾಡಿಸಬೇಡವೆಂದು ಹೇಳಿ ಧೈರ್ಯ ತುಂಬುವುದು. ಸಾಧ್ಯವಾದರೆ ಹಿಂದಿನ ಆಸನದಿಂದ ಎರಡೂ ಅಂಗೈಗಳಿಂದ ಅವನ ತಲೆಯನ್ನು ಇದ್ದಂತೆಯೇ ಅಲುಗದೆ ಹಿಡಿದಿರುವುದು. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಮುಂದಿನದು ಶಿಕ್ಷಿತರ ಕೆಲಸ. ಅವರು ಕೈಕಾಲುಗಳ ಚಲನೆಯನ್ನೂ ಸ್ಪರ್ಶಜ್ಞಾನವನ್ನೂ ಪರೀಕ್ಷಿಸಿ, ಕುತ್ತಿಗೆಗೆ ಪಟ್ಟಿ ತೊಡಿಸಿ, ಅಗತ್ಯ ಕಂಡರೆ ಅಂಗಿಯಂತಹ ಬಿಗುಪಾದ ಕವಚವನ್ನು ಬೆನ್ನ ಹಿಂದೆ ಇಳಿಸಿ, ಮೊದಲು ಮುಂಡವನ್ನೂ ಬಳಿಕ ತಲೆಯನ್ನೂ ಬಂಧಿಸಿ, ದೇಹವನ್ನು ಒಂದೇ ಕಂಬದಂತೆ ತಿರುಗಿಸಿ ಹೊರತೆಗೆಯುತ್ತಾರೆ. ತಲೆಯನ್ನು ನೇರಗೊಳಿಸುವಾಗ ನೋವು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸುವುದು ನಿಯಮ.

ಇದು ಕುರುಡು ನಿಯಮವಲ್ಲ. ಗಾಡಿಗೆ ಬೆಂಕಿ ಹತ್ತಿದ್ದರೆ ಅಥವಾ ಗಾಯಾಳುವಿನ ಉಸಿರು ನಿಂತಿದ್ದರೆ ತಡಮಾಡದೆ ಹೊರತೆಗೆಯಲೇಬೇಕು. ಪ್ರಾಣವುಳಿದರೆ ತಾನೆ ಬೆನ್ನುಹುರಿಯ ಚಿಂತೆ! ಪ್ರತಿಯೊಬ್ಬನನ್ನೂ ಗಟ್ಟಿ ಹಲಗೆಗೆ ಗಂಟೆಗಟ್ಟಲೆ ಕಟ್ಟಿಡುವ ಹಳೆಯ ಕ್ರಮವನ್ನೂ ವೈದ್ಯರು ಇಂದು ಒಪ್ಪುವುದಿಲ್ಲ; ಅದರಿಂದ ಚರ್ಮಕ್ಕೆ ಹುಣ್ಣು, ಉಸಿರಿಗೆ ಅಡಚಣೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ಸಹಾಯ ಮಾಡಿದವನು ಪೊಲೀಸು ಠಾಣೆಗೂ ಕಚೇರಿಗೂ ಅಲೆಯಬೇಕಾದೀತೆಂಬ ಭಯಕ್ಕೆ ಈಗ ಆಧಾರವಿಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಥವರ ರಕ್ಷಣೆಯ ಸೂತ್ರಗಳಿಗೆ ಮನ್ನಣೆಯಿತ್ತಿತು. 2019ರ ಮೋಟಾರು ವಾಹನ ತಿದ್ದುಪಡಿ ಶಾಸನವು ಆ ರಕ್ಷಣೆಯನ್ನು ಕಾಯಿದೆಯಲ್ಲಿಯೇ ಸೇರಿಸಿತು. ಕಾನೂನು ಸಹಾಯಕನ ಭಯವನ್ನು ಕಳೆಯಬಲ್ಲದು; ಅವನ ಅಜ್ಞಾನವನ್ನು ಕಳೆಯುವುದು ಶಿಕ್ಷಣವೊಂದೇ.

ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದುದು, ದೇಶಸೇವೆಗೆ ಉತ್ಸಾಹವೊಂದೇ ಸಾಲದು, ಶಿಸ್ತೂ ಬೇಕೆಂಬ ಅರಿವಿನಿಂದ. ಆ ಮಾತು ಇಂದಿನ ರಸ್ತೆಗೂ ಸಲ್ಲುತ್ತದೆ. ಚಾಲಕರ ಶಿಕ್ಷಣದ ಪಠ್ಯಕ್ರಮದಲ್ಲಿ ಪ್ರಥಮ ಚಿಕಿತ್ಸೆಯು ಸೇರಿಯೇ ಇದೆ. ಅದು ಕಾಗದದಿಂದ ಕೈಗೆ ಇಳಿಯಬೇಕು. ಬಸ್ಸಿನ ಚಾಲಕ ನಿರ್ವಾಹಕರಿಗೂ, ಹೆದ್ದಾರಿಯ ಪೊಲೀಸರಿಗೂ, ಸುಂಕದ ಕಟ್ಟೆಯ ನೌಕರರಿಗೂ, ರಸ್ತೆಬದಿಯ ಅಂಗಡಿಕಾರರಿಗೂ ತಲೆ ಹಿಡಿಯುವ ಕ್ರಮವನ್ನು ಪ್ರತ್ಯಕ್ಷ ಮಾಡಿಸಿ ಕಲಿಸಲು ಹೆಚ್ಚಿನ ದ್ರವ್ಯವೇನೂ ಬೇಡ. ಜಿಲ್ಲಾಧಿಕಾರಿಗಳೂ ಆರೋಗ್ಯ ಇಲಾಖೆಯವರೂ ತಾಲ್ಲೂಕಿಗೊಂದು ಶಿಕ್ಷಣ ಶಿಬಿರವನ್ನು ವರ್ಷವರ್ಷವೂ ನಡೆಸಬೇಕೆಂದು ನಾವು ಒತ್ತಾಯಿಸುತ್ತೇವೆ. ಓಡಿಬರುವ ಹೃದಯ ನಮ್ಮ ಜನರಲ್ಲಿದೆ; ನಿಧಾನಿಸುವ ಕೈಯನ್ನು ಕೊಡುವುದು ಸರಕಾರದ ಹೊಣೆ.